ಬಿಳಿ ಮೋಡ ಕಂಡ ಕೂಡಲೇ ಚಂಡಮಾರುತ ಅಲ್ಲ

ಮೇ ತಿಂಗಳು ಬಂದರೆ ಇದೇ ಪ್ರಶ್ನೆ. ಅಕ್ಟೋಬರ್ ಬಂದರೆ ಮತ್ತೆ ಇದೇ. ಈ ಸಲ ಬಿಡಿಸಿ ಹೇಳಿಬಿಡುತ್ತೇನೆ.

ಪ್ರಶ್ನೆ: ಉಪಗ್ರಹ ಚಿತ್ರದಲ್ಲಿ ಲಕ್ಷದ್ವೀಪದ ಹತ್ತಿರ ದೊಡ್ಡ ಬಿಳಿ ಮೋಡ ಇದೆ. ಹವಾಮಾನ ಇಲಾಖೆಯವರು ಬರೀ ವಾಯುಭಾರ ಕುಸಿತ ಅನ್ನುತ್ತಾರೆ. ಚಂಡಮಾರುತ ಆಗುತ್ತದೋ ಇಲ್ಲವೋ, ನಾವೇ ಗುರುತಿಸುವುದು ಹೇಗೆ? – ಮಲ್ಪೆಯ ಓದುಗರು

ಉತ್ತರ: ಮೋಡದ ಗಾತ್ರ ಬಿಡಿ. ಚಿತ್ರ ಎಷ್ಟು ಗಂಟೆಯದು ನೋಡಿ. ಸಮುದ್ರದ ಮೇಲಿನ ಗುಡುಗು ಮೋಡಗಳು ಬೆಳಗಿನ ಜಾವಕ್ಕೆ ಉಬ್ಬುತ್ತವೆ, ಸಂಜೆಗೆ ಸೊರಗುತ್ತವೆ. ಬೆಳಿಗ್ಗೆ 5ರ ಚಿತ್ರ ನೋಡಿ ಗಾಬರಿಯಾಗುವವರೇ ಜಾಸ್ತಿ. ಸಂಜೆಯೂ ಅಲ್ಲೇ ಇದೆಯಾ? ಮರುದಿನವೂ? ಹಾಗಿದ್ದರೆ ಮುಂದಿನ ಮಾತು.

ಆಮೇಲೆ ಸುಳಿಯ ನಡು ಹುಡುಕಿ. ಹಗಲಿನ ಚಿತ್ರದಲ್ಲಿ ಕೆಳಗಿನ ಸಣ್ಣ ಮೋಡಗಳು ಗೆರೆಗೆರೆಯಾಗಿ ಒಂದು ಜಾಗವನ್ನು ಸುತ್ತುತ್ತಿರುತ್ತವೆ. ದಪ್ಪ ಮೋಡ ಅದರ ಮೇಲಿಲ್ಲದೆ ಎಲ್ಲೋ ಪಕ್ಕಕ್ಕೆ ಸರಿದಿದ್ದರೆ, ಎತ್ತರದ ಗಾಳಿ ಅದನ್ನು ಎಳೆದುಕೊಂಡು ಹೋಗುತ್ತಿದೆ. ಕೆಳಗಿನ ಗಾಳಿ ಒಂದು ಕಡೆ, ಮೇಲಿನದು ಇನ್ನೊಂದು ಕಡೆ ಜೋರಾಗಿ ಬೀಸುವಾಗ ಸುಳಿ ಬಲಿಯುವುದು ಕಷ್ಟ. ಜುಲೈ, ಆಗಸ್ಟ್‌ನಲ್ಲಿ ಅರಬ್ಬೀ ಸಮುದ್ರದಲ್ಲಿ ಚಂಡಮಾರುತ ಅಪರೂಪ, ಮುಖ್ಯವಾಗಿ ಇದೇ ಕಾರಣಕ್ಕೆ. ‘ನೀರು ಚಂಡಮಾರುತಕ್ಕೆ ಬೇಕಾದ 26.5 ಡಿಗ್ರಿ ದಾಟಿತು, ಇನ್ನೇನು ಬಂತು’ ಎನ್ನುವವರಿಗೆ ಇದು ಅರ್ಥವೇ ಆಗುವುದಿಲ್ಲ. ಮೇ ತಿಂಗಳಲ್ಲಿ ನಮ್ಮ ಕಡಲು ಅದಕ್ಕಿಂತ ಬಿಸಿಯೇ ಇರುತ್ತದೆ, ಅಲ್ವಾ?

ಇಲಾಖೆಯವರು ಏನನ್ನೂ ಮುಚ್ಚಿಟ್ಟಿಲ್ಲ. ಗಾಳಿ ಗಂಟೆಗೆ 31 ಕಿ.ಮೀ. ಮುಟ್ಟಿದರೆ ಡಿಪ್ರೆಷನ್ (ನೀವು ಹೇಳಿದ ವಾಯುಭಾರ ಕುಸಿತ), 50ಕ್ಕೆ ಡೀಪ್ ಡಿಪ್ರೆಷನ್, 62ಕ್ಕೆ ಚಂಡಮಾರುತ. ಹೆಸರು ಇಡುವುದು ಆಗಲೇ. ಅವರ ದಿನದ ಬುಲೆಟಿನ್‌ನಲ್ಲಿ ಮುಂದಿನ 7 ದಿನಗಳಲ್ಲಿ ಡಿಪ್ರೆಷನ್ ಹುಟ್ಟುವ ಸಾಧ್ಯತೆಯನ್ನು ನಿಲ್, ಲೋ, ಮಾಡರೇಟ್, ಹೈ ಎಂದು ಕೊಟ್ಟಿರುತ್ತಾರೆ. ನಿನ್ನೆ ಲೋ ಇದ್ದದ್ದು ಇವತ್ತು ಏನಾಗಿದೆ? ಅದನ್ನು ನೋಡಿ.

ಆದರೆ ನೀವು ಮಲ್ಪೆಯವರು. ಕಡಲಿಗೆ ಬೋಟ್ ಬಿಡಬೇಕಾ ಎಂದು ತಾನೇ ಕೇಳುತ್ತಿರುವುದು? ಹಾಗಾದರೆ ಈ ಲೆಕ್ಕಾಚಾರವೆಲ್ಲ ಬೇಡ. 2017ರ ಓಖಿ ನವೆಂಬರ್ 29ಕ್ಕೆ ಶ್ರೀಲಂಕಾ ಬಳಿ ಡಿಪ್ರೆಷನ್ ಆಗಿತ್ತು. 30ರ ಬೆಳಿಗ್ಗೆ ಕನ್ಯಾಕುಮಾರಿ ಬಳಿ ಚಂಡಮಾರುತ. ಅಷ್ಟರಲ್ಲಿ ಕೇರಳ, ತಮಿಳುನಾಡಿನ ಎಷ್ಟೋ ಬೋಟ್‌ಗಳು ಆಳಸಮುದ್ರದಲ್ಲಿದ್ದವು. ಬಹಳ ಜನ ವಾಪಸ್ ಬರಲೇ ಇಲ್ಲ. 2021ರ ತೌಕ್ತೆ ನಮ್ಮ ದಡಕ್ಕೆ ಹತ್ತಲಿಲ್ಲ, ಗುಜರಾತಿಗೆ ಹೋಯಿತು. ಆದರೂ ಕರಾವಳಿಯಲ್ಲಿ ಕಡಲ್ಕೊರೆತ ತಪ್ಪಲಿಲ್ಲ. ಮೀನುಗಾರರಿಗೆ ಎಚ್ಚರಿಕೆ ಬಂದ ದಿನವೇ ನಾನಾದರೆ ಬೋಟ್ ಕಟ್ಟಿಹಾಕುತ್ತೇನೆ. ಸುಳಿ ಬಲಿಯದಿದ್ದರೆ ಒಂದು ಟ್ರಿಪ್ ಹೋಯಿತು, ಅಷ್ಟೆ. ಹೆದರುಪುಕ್ಕಲ ಅನ್ನಿ, ಪರವಾಗಿಲ್ಲ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ 15 ದಿನ ಮೊದಲೇ ಊರು, ತಾರೀಖು ಹೇಳುತ್ತಾರಲ್ಲ?

ಉತ್ತರ: ಒಂದು ಕಂಪ್ಯೂಟರ್ ಮಾಡೆಲ್‌ನ ಒಂದೇ ಒಂದು ನಕ್ಷೆ ಅದು. 6 ಗಂಟೆ ಬಿಟ್ಟು ಬರುವ ಹೊಸ ನಕ್ಷೆಯಲ್ಲಿ ಅದೇ ಸುಳಿ ಒಡಿಶಾ ಬಿಟ್ಟು ಮ್ಯಾನ್ಮಾರ್ ಕಡೆ ಹೋಗಿರಬಹುದು, ಮಾಯವೂ ಆಗಿರಬಹುದು. ಆಗ ಯಾರೂ ವಿಡಿಯೊ ಹಾಕುವುದಿಲ್ಲ. ಸುಮ್ನೆ ಜನರನ್ನು ಹೆದರಿಸಿ ದುಡ್ಡು ಮಾಡುತ್ತಾರೆ.

ಪ್ರಶ್ನೆ: ಅಮಾವಾಸ್ಯೆಗೆ ಚಂಡಮಾರುತ ಹುಟ್ಟುತ್ತದಂತೆ?

ಉತ್ತರ: ಇಲ್ಲ. ಅವತ್ತು ಉಬ್ಬರ ಜಾಸ್ತಿ. ಆ ಹೊತ್ತಿಗೇ ಚಂಡಮಾರುತ ದಡ ಮುಟ್ಟಿದರೆ ನೀರು ಇನ್ನೂ ಒಳಗೆ ನುಗ್ಗುತ್ತದೆ.

ಪ್ರಶ್ನೆ: ಬೆಂಗಳೂರಿಗೆ ಅಪ್ಪಳಿಸುತ್ತದಾ?

ಉತ್ತರ: ಅಷ್ಟು ದೂರ ಬರುವಷ್ಟರಲ್ಲಿ ಅದು ಸೊರಗಿರುತ್ತದೆ. ಕೊಡೆ ತಗೊಂಡು ಹೋಗಿ.