ಲಾವಂಚದ ಬೇರಿನಲ್ಲಿ ಏನಿದೆ?

ಪ್ರಶ್ನೆ: ಲಾವಂಚದ ಬೇರಿನ ಔಷಧೀಯ ಘಟಕಗಳನ್ನು ಪ್ರಯೋಗಾಲಯದಲ್ಲಿ ಗುರುತಿಸುವುದು ಹೇಗೆ? ಪತ್ತೆಯಾದದ್ದೆಲ್ಲ ಔಷಧವೇ?

ಉತ್ತರ: ಒಣಗಿದ ಬೇರನ್ನು ಹಬೆಯಲ್ಲಿ ಬಟ್ಟಿಯಿಳಿಸಿ ಪಡೆದ ತೈಲವನ್ನು ಗ್ಯಾಸ್ ಕ್ರೊಮ್ಯಾಟೊಗ್ರಫಿಯ ಸಪೂರ ನಳಿಕೆಯಲ್ಲಿ ಹಾಯಿಸಿದಾಗ ಘಟಕಗಳು ಒಂದರ ಹಿಂದೊಂದು ಬೇರ್ಪಟ್ಟು ಹೊರಬರುತ್ತವೆ, ಮಾಸ್ ಸ್ಪೆಕ್ಟ್ರೋಮೀಟರ್ ಅವುಗಳ ಅಣುಗಳನ್ನು ಒಡೆದು ಚೂರುಗಳ ದ್ರವ್ಯರಾಶಿಯನ್ನು ದಾಖಲಿಸುತ್ತದೆ. ಖುಸಿಮಾಲ್ ಹಾಗೂ ಆಲ್ಫಾ, ಬೀಟಾ ವೆಟಿವೋನ್‌ಗಳು ಹೀಗೆ ಕಾಣಸಿಗುವ ಮುಖ್ಯ ಘಟಕಗಳು. ಕಷ್ಟವಿರುವುದು ಇಲ್ಲಿಯೇ: ಎರಡೂ ವೆಟಿವೋನ್‌ಗಳಲ್ಲಿ 15 ಇಂಗಾಲ, 22 ಜಲಜನಕ, 1 ಆಮ್ಲಜನಕದ ಪರಮಾಣುಗಳಿದ್ದು, ಜೋಡಣೆ ಮಾತ್ರ ಭಿನ್ನವಾಗಿರುವುದರಿಂದ, ಕಂಪ್ಯೂಟರಿನಲ್ಲಿರುವ ಇಂಥ ದಾಖಲೆಗಳ ಸಂಗ್ರಹದೊಡನೆ ತಾಳೆಯಾದ ಮಾತ್ರಕ್ಕೆ ಹೆಸರಿಡುವುದು ಸರಿಯಲ್ಲ, ಹೊರಬರುವ ಸಮಯವನ್ನೂ ಹೋಲಿಸಿ, ಶುದ್ಧೀಕರಿಸಿದ ಘಟಕದ ರಚನೆಯನ್ನು, ಕಾಂತಕ್ಷೇತ್ರದಲ್ಲಿ ಪರಮಾಣುಬೀಜಗಳ ವರ್ತನೆಯನ್ನು ಅಳೆಯುವ ವಿಧಾನವಾದ ಎನ್‌ಎಂಆರ್‌ನಿಂದ ದೃಢಪಡಿಸಬೇಕು. ಪತ್ತೆಯಾದದ್ದೆಲ್ಲ ಔಷಧವಲ್ಲ, ಜೈವಿಕ ಪರೀಕ್ಷೆಯಲ್ಲಿ ಪರಿಣಾಮ ತೋರಿದ ಮೇಲೂ ಸುರಕ್ಷತೆ, ಪ್ರಮಾಣಗಳ ಪರಿಶೀಲನೆ ಉಳಿದಿರುತ್ತದೆ. ಬೇರು ನೆನೆಸಿದ ನೀರಿನ ಗುಣವನ್ನು ತೈಲದ ಫಲಿತಾಂಶದಿಂದ ಅಳೆಯಬಾರದು, ಏಕೆಂದರೆ ಈ ತೈಲಾಂಶಗಳು ನೀರಿನಲ್ಲಿ ಅತ್ಯಲ್ಪವಾಗಿಯಷ್ಟೇ ಕರಗುತ್ತವೆ.