ಸಣ್ಣ ಹೋಟೆಲಿನ ಸಾದಾ ಊಟದ ರುಚಿ ಮನೆಯಲ್ಲಿ ಯಾಕೆ ಬರುವುದಿಲ್ಲ?

ನೀವು ಎರಡು ವಿಷಯ ಕೇಳಿದ್ದೀರಿ. ಅದೇ ತರಕಾರಿ, ಅದೇ ಎಣ್ಣೆ ತಂದರೂ ಸಣ್ಣ ಹೋಟೆಲಿನ ರುಚಿ ಮನೆಯಲ್ಲಿ ಬರುವುದಿಲ್ಲ, ಅವರ ಹತ್ತಿರ ಗುಟ್ಟಿನ ಮಸಾಲೆ ಏನಾದರೂ ಇರುತ್ತದಾ ಅನ್ನುವುದು ಒಂದು. ಗೊತ್ತಿಲ್ಲದ ಜಾಗಕ್ಕೆ ಹೋದಾಗ ಒಳ್ಳೆಯ ಸಣ್ಣ ಹೋಟೆಲನ್ನು ಗುರುತಿಸುವುದು ಹೇಗೆ ಅನ್ನುವುದು ಇನ್ನೊಂದು.

ಮಸಾಲೆ ಡಬ್ಬಿಯನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಸಾದಾ ಅಡುಗೆ ಸಪ್ಪೆಯಾಗುವುದಕ್ಕೆ ಮೊದಲ ಕಾರಣ, ಆರಬೇಕಾದ ನೀರು ಆರದೇ ಉಳಿಯುವುದು. ಉಪ್ಪಿನ ಅಂದಾಜು ತಪ್ಪುವುದು ಎರಡನೆಯದು.

ಪಾತ್ರೆಯಲ್ಲಿ ನೀರು ನಿಂತಿರುವ ತನಕ ತರಕಾರಿಯ ಬಿಸಿ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ಹುರಿದ ಘಮ, ಕಂದು ಬಣ್ಣ ಬೇಗ ಬರುವುದು ಸುಮಾರು 140 ಡಿಗ್ರಿಯಿಂದ ಮೇಲೆ. ಸಕ್ಕರೆಯ ಅಂಶ ಮತ್ತು ಅಮೈನೋ ಆಮ್ಲ ಸೇರಿ ನಡೆಯುವ ಈ ಕ್ರಿಯೆಯನ್ನು, 1912ರಲ್ಲಿ ಅದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಲೂಯಿ ಕಮಿಲ್ ಮಯಾರ್ ಅವರ ಹೆಸರಿನಿಂದಲೇ ಕರೆಯುತ್ತಾರೆ. ಹೋಟೆಲಿನ ದೊಡ್ಡ ಬರ್ನರಿನ ಉರಿ ಮನೆಯ ಒಲೆಗಿಂತ ಹಲವು ಪಟ್ಟು ಜೋರು. ತರಕಾರಿ ಬಿಟ್ಟ ನೀರು ಅಲ್ಲಿ ಬಿಟ್ಟ ಹಾಗೇ ಆವಿಯಾಗಿ ಹೋಗುತ್ತದೆ. ಮನೆಯಲ್ಲಿ ಅರ್ಧ ಕೆ.ಜಿ. ತರಕಾರಿಯನ್ನು ಒಂದೇ ಸಲ ಸುರಿದರೆ ಬಾಣಲೆ ತಣ್ಣಗಾಗಿ ತರಕಾರಿ ತನ್ನ ನೀರಿನಲ್ಲೇ ಬೇಯುತ್ತದೆ.

ಹೂಕೋಸನ್ನೇ ತೆಗೆದುಕೊಳ್ಳಿ. ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಒದ್ದೆ ಪೂರ್ತಿ ಒರೆಸಿ. 26 ಸೆಂಟಿಮೀಟರ್ ಅಗಲದ ದಪ್ಪ ತಳದ ಬಾಣಲೆಗೆ 250 ಗ್ರಾಂಗಿಂತ ಹೆಚ್ಚು ಬೇಡ. ಹೆಚ್ಚಿದ್ದರೆ ಎರಡು ಕಂತಿನಲ್ಲಿ ಹುರಿಯಿರಿ. ಸ್ಟೀಲ್ ಅಥವಾ ಕಬ್ಬಿಣದ ಖಾಲಿ ಬಾಣಲೆಯನ್ನು ಎರಡು ಮೂರು ನಿಮಿಷ ಕಾಯಿಸಿ ಒಂದು ಹನಿ ನೀರು ಚಿಮುಕಿಸಿ. ಹನಿ ಚುಂಯ್ ಎಂದು ಅಲ್ಲೇ ಇಂಗಿದರೆ ಇನ್ನೂ ಕಾಯಬೇಕು. ಮಣಿಯಂತೆ ಉರುಳಾಡಿದರೆ ಹದ ಬಂದಿದೆ. (ನಾನ್‌ಸ್ಟಿಕ್ ಬಾಣಲೆಯನ್ನು ಹೀಗೆ ಖಾಲಿ ಕಾಯಿಸಬೇಡಿ, ಲೇಪ ಹಾಳಾಗುತ್ತದೆ.) ಹನಿ ಪೂರ್ತಿ ಆರಿದ ಮೇಲೆ ಒಂದೂವರೆ ಚಮಚ ಎಣ್ಣೆ ಹಾಕಿ, ಹೂಕೋಸಿನ ತುಂಡುಗಳನ್ನು ಒಂದೇ ಪದರವಾಗಿ ಹರಡಿ ಮೂರು ನಿಮಿಷ ಮುಟ್ಟದೆ ಬಿಡಿ. ಇಲ್ಲಿ ಕೈ ತಡೆದುಕೊಳ್ಳುವುದೇ ಕಷ್ಟ. ಕಿವಿಗೊಟ್ಟು ಕೇಳಿದರೆ ಗೊತ್ತಾಗುತ್ತದೆ: ಚಟಪಟ ಸದ್ದು ಒಣಗಿದಂತೆ ಚುರುಕಾಗಿದ್ದರೆ ಹುರಿಯುತ್ತಿದೆ, ಗುಳುಗುಳು ಎಂದರೆ ಬೇಯುತ್ತಿದೆ. ಉಪ್ಪನ್ನು ಕೊನೆಯ ಎರಡು ನಿಮಿಷದಲ್ಲಿ ಹಾಕಿ, ಮೊದಲೇ ಹಾಕಿದರೆ ನೀರು ಬಿಡಿಸುತ್ತದೆ. ಮುಚ್ಚಳ ಮುಚ್ಚಿದರೆ ಮಾಡಿದ್ದೆಲ್ಲ ವ್ಯರ್ಥ.

ಈರುಳ್ಳಿಯದೂ ಇದೇ ಕತೆ. ಅದರ ತೂಕದಲ್ಲಿ ಹತ್ತಿರ ಹತ್ತಿರ ಶೇ. 90 ನೀರು. ಎರಡು ದೊಡ್ಡ ಈರುಳ್ಳಿ, ಅಂದರೆ 300 ಗ್ರಾಂ, ಹೊಂಬಣ್ಣಕ್ಕೆ ಬರಬೇಕಾದರೆ ಮಧ್ಯಮ ಉರಿಯಲ್ಲಿ 12ರಿಂದ 15 ನಿಮಿಷ ಬೇಕು. ಗಾಢ ಕಂದು ಬಣ್ಣಕ್ಕೆ ಅರ್ಧ ಗಂಟೆ ದಾಟುತ್ತದೆ. ‘ಐದು ನಿಮಿಷ ಬಾಡಿಸಿ, ಕಂದಾಗುತ್ತದೆ’ ಎಂದು ಬರೆದ ಅಡುಗೆ ವಿಧಾನವನ್ನು ನಂಬಬೇಡಿ. ಚಿಟಿಕೆ ಸೋಡಾ ಹಾಕಿದರೆ ಬಣ್ಣ ಬೇಗ ಬರುತ್ತದೆ, ಆದರೆ ಈರುಳ್ಳಿ ಮುದ್ದೆಯಾಗುತ್ತದೆ. ಗೊಜ್ಜಿನ ಹಾಗೆ ಅರೆದು ಹಾಕುವುದಿದ್ದರೆ ಮಾತ್ರ ಸರಿ. ಬೆಳ್ಳುಳ್ಳಿಯನ್ನು ಈರುಳ್ಳಿಯ ಜೊತೆಗೇ ಹಾಕಬೇಡಿ, ಅಷ್ಟು ಹೊತ್ತಿಗೆ ಸೀದು ಕಹಿಯಾಗುತ್ತದೆ. ಕೊನೆಯ ಒಂದು ನಿಮಿಷ ಅದಕ್ಕೆ ಸಾಕು.

ಬೇಳೆ ಕಾಳು ಬೇಯದೇ ಕಾಡಿಸುವುದಕ್ಕೆ ಬೇರೆಯೇ ಕಾರಣ. ಹುಳಿ ಮತ್ತು ಗಡಸು ನೀರು ಎರಡೂ ಕಾಳಿನ ಸಿಪ್ಪೆ, ಜೀವಕೋಶದ ಗೋಡೆಯಲ್ಲಿರುವ ಪೆಕ್ಟಿನ್ ಎಂಬ ಅಂಟು ಪದಾರ್ಥ ಕರಗದಂತೆ ಹಿಡಿದಿಡುತ್ತವೆ. ಹಾಗಾಗಿ ಟೊಮೆಟೊ, ನಿಂಬೆ, ವಿನೆಗರ್ ಏನೇ ಇರಲಿ, ಕಾಳು ಮೆತ್ತಗಾದ ಮೇಲೆಯೇ ಹಾಕಬೇಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎನ್ನುವ ಮಾತು ಮಾತ್ರ ತಪ್ಪು. ಒಂದು ಲೀಟರ್ ನೀರಿಗೆ 15 ಗ್ರಾಂ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ ಬೇಯಿಸಿದರೆ ಸಿಪ್ಪೆ ಒಡೆಯದೆ ಒಳಗೆ ಬೆಣ್ಣೆಯಂತಾಗುತ್ತದೆ. ರಾಜ್ಮಾ ಆದರೆ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಲೇಬೇಕು. ಅರೆಬೆಂದ ರಾಜ್ಮಾದಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ ಭೇದಿ ತರುತ್ತದೆ, ಸಣ್ಣ ಉರಿಯ ಸ್ಲೋ ಕುಕ್ಕರ್ ಒಂದನ್ನೇ ನೆಚ್ಚಿಕೊಂಡರೆ ಅದು ಹೋಗುವುದಿಲ್ಲ.

ಉಪ್ಪಿನ ವಿಷಯಕ್ಕೆ ಬಂದರೆ, ಹೆಚ್ಚಿನ ಅಡುಗೆಗೆ ತಯಾರಾದ ಪದಾರ್ಥದ ತೂಕದ ಶೇ. 1ರ ಆಸುಪಾಸು ಉಪ್ಪು ರುಚಿ ಕೊಡುತ್ತದೆ. ಹೋಟೆಲಿನವರು ಇದಕ್ಕಿಂತ ಮುಂದೆ ಹೋಗುವುದುಂಟು, ಎಣ್ಣೆಯಲ್ಲೂ ಅಷ್ಟೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ, ಅಂದರೆ ಒಂದು ಸಣ್ಣ ಚಮಚಕ್ಕಿಂತಲೂ ಕಡಿಮೆ. ಆದ್ದರಿಂದ ನಾನು ಉಪ್ಪನ್ನು ಶೇ. 0.8ಕ್ಕೆ ನಿಲ್ಲಿಸಿ, ಒಲೆ ಆರಿಸಿದ ಮೇಲೆ ಎರಡು ಹನಿ ನಿಂಬೆರಸ ಹಿಂಡುತ್ತೇನೆ. ಏನೋ ಕಮ್ಮಿ ಅನ್ನಿಸುವ ಎಷ್ಟೋ ಅಡುಗೆಗೆ ಕೊರತೆಯಿರುವುದು ಹುಳಿಯದು. ದಿನನಿತ್ಯದ ಅಡುಗೆಗೆ ಹೋಟೆಲಿನ ರುಚಿಯನ್ನು ಪೂರ್ತಿ ಬೆನ್ನಟ್ಟುವುದು ಬೇಡ ಎಂದೇ ನನ್ನ ಅಭಿಪ್ರಾಯ. ದಿನಾ ತಿನ್ನುವ ಊಟ ನಾಲಿಗೆಯನ್ನು ಸುಸ್ತು ಮಾಡಬಾರದು.

ಹುರಿದ ಅನ್ನಕ್ಕೆ ಹೋಟೆಲಿನವರು ತಣ್ಣಗಾದ ಅನ್ನ ಬಳಸುವುದು ಪಿಷ್ಟ ಗಟ್ಟಿಯಾಗಿ ಅಗುಳು ಬಿಡಿಬಿಡಿಯಾಗಿರುತ್ತದೆ ಎಂದು. ಮನೆಯಲ್ಲಿ ಮಾಡುವಾಗ ಅನ್ನವನ್ನು ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಹೊರಗೇ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ, ಮತ್ತೆ ಎಷ್ಟು ಬಿಸಿ ಮಾಡಿದರೂ ಆ ವಿಷ ನಾಶವಾಗುವುದಿಲ್ಲ.

ಇನ್ನು ಹೋಟೆಲ್ ಹುಡುಕುವುದು. ಕುರ್ಚಿ ಮೇಜು ನೋಡಬೇಡಿ, ಮೆನು ನೋಡಿ. ಆರು ಟೇಬಲ್ ಇರುವ ಕಡೆ ನೂರು ಬಗೆ ತಿಂಡಿಯ ಪಟ್ಟಿ ಇದ್ದರೆ ಅದರಲ್ಲಿ ಬಹಳಷ್ಟು ಮೊದಲೇ ಮಾಡಿಟ್ಟದ್ದು ಎಂದೇ ತಿಳಿಯಬೇಕು. ಹತ್ತೋ ಹನ್ನೆರಡೋ ಬಗೆ ಇದ್ದು ಊಟದ ಹೊತ್ತಿಗೆ ಜನ ತುಂಬಿರುವ ಕಡೆ ಪದಾರ್ಥ ಬೇಗ ಬೇಗ ಖಾಲಿಯಾಗಿ ಹೊಸದು ಬರುತ್ತಿರುತ್ತದೆ. ಪಕ್ಕದ ಮೇಜಿನವರೆಲ್ಲ ತಿನ್ನುತ್ತಿರುವುದನ್ನೇ ಹೇಳಿ. ಪಟ್ಟಿಯ ಮೂಲೆಯಲ್ಲಿರುವ, ಯಾರೂ ಕೇಳದ ತಿಂಡಿ ಬೇಡ. ಊಟದ ಸಮಯ ಶುರುವಾದ ಅರ್ಧ ಗಂಟೆಯೊಳಗೆ ಹೋದರೆ ಎಲ್ಲವೂ ಹೊಸದಾಗಿರುತ್ತದೆ, ಅಡುಗೆಯವರ ಕೈಯೂ ಇನ್ನೂ ದಣಿದಿರುವುದಿಲ್ಲ.

ಬಾಗಿಲಲ್ಲೇ ಮೂಗಿಗೆ ಹಳೆಯ ಎಣ್ಣೆಯ ಕಮಟು ಹೊಡೆದರೆ, ಕರಿಯುವ ಎಣ್ಣೆ ಕಪ್ಪಾಗಿ ನೊರೆ ಬರುತ್ತಿದ್ದರೆ, ಕರಿದದ್ದನ್ನು ತಿನ್ನಬೇಡಿ. ಮೇಜು ಒರೆಸುವ ಬಟ್ಟೆಯಲ್ಲೇ ತಟ್ಟೆ ಒರೆಸುವುದು ಕಂಡರೆ ಎದ್ದು ಬನ್ನಿ. ಬಿಸಿಯಾಗಿರಬೇಕಾದ ಊಟ ಹಬೆಯಾಡುತ್ತಾ ಬರಬೇಕು. ಉಗುರುಬೆಚ್ಚಗೆ ಬಂದರೆ ಸಂಕೋಚಪಡದೆ ವಾಪಸ್ ಕೊಟ್ಟು ಬಿಸಿಯಾದದ್ದನ್ನು ಕೇಳಿ.