ಗರಿಗರಿ ಟಾಕೊ ಮೆಕ್ಸಿಕನ್ನರದೇ, ಅಮೆರಿಕದ ಕಂಪನಿಯದೇ?

ಬೆಂಗಳೂರಿನ ಮಾಲೊಂದರಲ್ಲಿ ಟಾಕೊ ಬೆಲ್ ಎಂಬ ಅಮೆರಿಕದ ಕಂಪನಿಯ ಗರಿಗರಿ ಟಾಕೊ (ಮೆಕ್ಕೆಜೋಳದ ರೊಟ್ಟಿಯನ್ನು ಮಡಿಸಿ ಒಳಗೆ ಹೂರಣ ತುಂಬಿದ ತಿಂಡಿ) ತಿಂದಿದ್ದೀರಿ. ಅದು ಮೆಕ್ಸಿಕನ್ ತಿಂಡಿಯೇ ಅಲ್ಲ, ಅಮೆರಿಕದ ಕಂಪನಿಯೊಂದು ಹುಟ್ಟಿಸಿದ ನಕಲು ಎಂದು ನಿಮ್ಮ ಗೆಳೆಯರು ಹೇಳಿದ್ದಾರೆ. ಅದು ನಿಜವೇ ಎಂದೂ, ಲಾಸ್ ಏಂಜಲೀಸ್ ಕಡೆಗೆ ಬಂದಾಗ ನೋಡಬೇಕಾದ ಹಳೆಯ ಟಾಕೊ ಹೋಟೆಲು ಯಾವುದು, ಸಸ್ಯಾಹಾರಿಗೆ ಅಲ್ಲಿ ಏನು ಸಿಗುತ್ತದೆ ಎಂದೂ ಕೇಳಿದ್ದೀರಿ. ನಾನು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಬಹಳ ವರ್ಷಗಳಿಂದ ಇದ್ದೇನೆ. ನಿಮ್ಮ ಮೊದಲ ಎರಡು ಪ್ರಶ್ನೆಗಳಿಗೂ ನನ್ನ ಉತ್ತರ ಒಂದೇ: ಸ್ಯಾನ್ ಬರ್ನಾರ್ಡಿನೊದ ಮಿಟ್ಲಾ ಕೆಫೆ.

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಸುಮಾರು 100 ಕಿಲೋಮೀಟರ್ ದೂರದಲ್ಲಿರುವ ಆ ಊರಿನ ಮೌಂಟ್ ವರ್ನನ್ ಅವೆನ್ಯೂದಲ್ಲಿ, ಹಿಂದೆ ರೂಟ್ 66 ಎಂಬ ಹೆದ್ದಾರಿ ಹಾದುಹೋಗುತ್ತಿದ್ದ ದಾರಿಯಲ್ಲೇ, ಲೂಸಿಯಾ ರೋಡ್ರಿಗೆಜ್ ಎಂಬಾಕೆ 1937ರಲ್ಲಿ ಈ ಹೋಟೆಲನ್ನು ಆರಂಭಿಸಿದರು. ಮೆಕ್ಸಿಕೊದ ಒಆಹಾಕಾ ಪ್ರಾಂತ್ಯದಲ್ಲಿರುವ ಪ್ರಾಚೀನ ಮಿಟ್ಲಾದ ಹೆಸರೇ ಇದರದ್ದೂ ಆಗಿದೆ. ಊರಿನ ಪಶ್ಚಿಮ ಭಾಗ ಆಗ ಮೆಕ್ಸಿಕನ್ನರ ಕೇರಿಯಾಗಿತ್ತು. ಹತ್ತಿರದಲ್ಲೇ ಇದ್ದ ಸಾಂಟಾ ಫೆ ರೈಲ್ವೆ ಕಾರ್ಯಾಗಾರದಲ್ಲಿ ಅಲ್ಲಿನ ಅನೇಕರು ದುಡಿಯುತ್ತಿದ್ದರು. ಅಂದಿನಿಂದ ಇಂದಿನವರೆಗೆ ಹೋಟೆಲು ಅದೇ ಕುಟುಂಬದ ಕೈಯಲ್ಲಿದೆ.

ಇಲ್ಲಿನ ಟಾಕೊವನ್ನು ಸ್ಪ್ಯಾನಿಷ್‌ನಲ್ಲಿ ‘ಟಾಕೊ ದೊರಾದೊ’ ಎನ್ನುತ್ತಾರೆ, ಅಂದರೆ ಹೊಂಬಣ್ಣ ಬರುವಂತೆ ಕರಿದದ್ದು. ಸುಣ್ಣದ ನೀರಿನಲ್ಲಿ ಬೇಯಿಸಿದ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ತೆಳು ರೊಟ್ಟಿಯನ್ನು ಮಡಿಸಿ ಎಣ್ಣೆಯಲ್ಲಿ ಕರಿದು, ಕೊಚ್ಚಿದ ದನದ ಮಾಂಸದ ಜೊತೆಗೆ ಸಣ್ಣಗೆ ಹೆಚ್ಚಿದ ಲೆಟಿಸ್ ಸೊಪ್ಪು, ಟೊಮೆಟೊ, ತುರಿದ ಚೆಡ್ಡರ್ ಚೀಸ್ ತುಂಬಿ ಕೊಡುತ್ತಾರೆ. ಚೆಡ್ಡರ್ ಎಂದೊಡನೆ ‘ಅದು ಅಮೆರಿಕದವರ ಚೀಸ್ ಅಲ್ಲವೇ’ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಊರು ಬಿಟ್ಟು ಬಂದವರು ಬಂದ ಊರಿನ ಸಂತೆಯಲ್ಲಿ ಸಿಕ್ಕಿದ್ದರಿಂದ ತಮ್ಮ ಅಡುಗೆ ಮಾಡಿಕೊಳ್ಳುತ್ತಾರೆ. ಅಷ್ಟು ಮಾತ್ರಕ್ಕೆ ಅಡುಗೆ ಅವರದಲ್ಲವೆಂದು ಹೇಳುವುದು ನನಗೆ ಒಪ್ಪಿಗೆಯಿಲ್ಲ. ನಾನು ಮೊದಲ ಸಲ ಅಲ್ಲಿ ತಿಂದಾಗ ರೊಟ್ಟಿಯ ಅಂಚು ಕಚ್ಚಿದೊಡನೆ ಮುರಿಯಿತು, ಮಡಿಕೆಯ ಕಡೆ ಮಾತ್ರ ಮಾಂಸದ ರಸ ಹೀರಿಕೊಂಡು ಮೆತ್ತಗಿತ್ತು. ಬಿಸಿ ಮಾಂಸದ ಮೇಲೆ ಚೀಸ್ ಅರೆಕರಗಿತ್ತು, ಲೆಟಿಸ್ ಇನ್ನೂ ತಣ್ಣಗಿತ್ತು. ಕಾವಲಿಯಿಂದ ಇಳಿದ ಕ್ಷಣದ ದೋಸೆಗೂ ಅರ್ಧ ಗಂಟೆ ಕಳೆದ ದೋಸೆಗೂ ಇರುವ ಅಂತರ ಬಲ್ಲ ನಮ್ಮವರಿಗೆ, ಆಗತಾನೆ ಕರಿದ ರೊಟ್ಟಿಗೂ ಪೆಟ್ಟಿಗೆಯಿಂದ ತೆಗೆದ ರೊಟ್ಟಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಇನ್ನು ಕಂಪನಿಯ ಕಥೆಗೆ ಬರುತ್ತೇನೆ. 1950ರ ದಶಕದ ಆರಂಭದಲ್ಲಿ ಗ್ಲೆನ್ ಬೆಲ್ ಎಂಬ ಯುವಕ ಮಿಟ್ಲಾದ ಎದುರಿಗೇ ಹಾಟ್ ಡಾಗ್ ಮತ್ತು ಹ್ಯಾಂಬರ್ಗರ್ ಮಾರುವ ಅಂಗಡಿ ಇಟ್ಟಿದ್ದ. ಎದುರಿನ ಹೋಟೆಲಿನ ಮುಂದೆ ಟಾಕೊಗಾಗಿ ಜನ ಸಾಲು ನಿಲ್ಲುವುದನ್ನು ನೋಡಿ, ತಾನೂ ಅಲ್ಲಿ ತಿನ್ನುತ್ತ, ಅದರ ಮರ್ಮವನ್ನು ಬಿಡಿಸಲು ಯತ್ನಿಸಿದ. ಕೊನೆಗೆ ಅಡುಗೆಮನೆಯೊಳಗೆ ಕರೆದು ತೋರಿಸಿದವರು ತಾವೇ ಎಂದು ಮಿಟ್ಲಾದ ಮನೆಯವರು ಹೇಳುತ್ತಾರೆ. ಮೆಕ್‌ಡೊನಾಲ್ಡ್ ಸಹೋದರರು ಹೋಟೆಲು ತೆರೆದದ್ದೂ ಇದೇ ಊರಿನಲ್ಲಿ, 1940ರಲ್ಲಿ. ಕೆಲಸವನ್ನು ಹಂತಹಂತವಾಗಿ ಒಡೆದು ವೇಗವಾಗಿ ಬಡಿಸುವ ಪದ್ಧತಿಯನ್ನು ಅವರು 1948ರಲ್ಲಿ ಜಾರಿಗೆ ತಂದಿದ್ದರು. ಬೆಲ್ ಅದನ್ನೂ ಕಣ್ಣಾರೆ ಕಂಡಿದ್ದ. ರೊಟ್ಟಿಗಳನ್ನು ತಂತಿಯ ಚೌಕಟ್ಟಿನಲ್ಲಿಟ್ಟು ಮೊದಲೇ ಕರಿದು ಜೋಡಿಸಿಕೊಂಡರೆ ಟಾಕೊವನ್ನೂ ಹಾಗೆಯೇ ಮಾರಬಹುದೆಂದು ಅವನಿಗೆ ಹೊಳೆಯಿತು. ಅವನ ಟಾಕೊದ ಬೆಲೆ ಆಗ 19 ಸೆಂಟ್. ಅಂತಹ ಚೌಕಟ್ಟು ಕೂಡ ಪೂರ್ತಿ ಹೊಸದಾಗಿರಲಿಲ್ಲ. ನ್ಯೂಯಾರ್ಕ್‌ನಲ್ಲಿ ಹೋಟೆಲು ನಡೆಸುತ್ತಿದ್ದ ಹುವೆನ್ಸಿಯೊ ಮಾಲ್ಡೊನಾಡೊ ಎಂಬ ಮೆಕ್ಸಿಕನ್ನರು ಟಾಕೊ ಕರಿಯುವ ಸಾಧನಕ್ಕೆ 1950ರಲ್ಲೇ ಪೇಟೆಂಟ್ ಪಡೆದಿದ್ದರು. 1962ರಲ್ಲಿ ಡೌನಿ ಎಂಬಲ್ಲಿ ಮೊದಲ ಟಾಕೊ ಬೆಲ್ ತೆರೆಯಿತು, 1978ರಲ್ಲಿ ಪೆಪ್ಸಿಕೊ ಅದನ್ನು ಕೊಂಡಾಗ 868 ಮಳಿಗೆಗಳಿದ್ದವು, ಭಾರತದ ಮೊದಲ ಮಳಿಗೆ 2010ರಲ್ಲಿ ಬೆಂಗಳೂರಿನಲ್ಲೇ ತೆರೆಯಿತು. ಬೆಲ್‌ನ ವ್ಯಾಪಾರದ ಜಾಣ್ಮೆಯನ್ನು ನಾನು ಅಲ್ಲಗಳೆಯುವುದಿಲ್ಲ. ತಿಂಡಿಯನ್ನು ಹುಟ್ಟಿಸಿದವನು ಅವನಲ್ಲ ಎಂಬುದಷ್ಟೇ ನನ್ನ ಮಾತು. ನೀವು ಮಾಲ್‌ನಲ್ಲಿ ತಿಂದದ್ದು ಮಿಟ್ಲಾದಂತಹ ಮನೆಗಳ ಕೈಗುಣವನ್ನು ಯಂತ್ರಕ್ಕೆ ಒಗ್ಗಿಸಿದ ರೂಪ.

ತಿಂಡಿಗಿಂತ ದೊಡ್ಡ ಕಾರಣವೊಂದಕ್ಕೆ ಈ ಹೋಟೆಲಿನ ಮೇಲೆ ನನಗೆ ಗೌರವವಿದೆ. 1940ರ ದಶಕದಲ್ಲಿ ಊರಿನ ಪೆರಿಸ್ ಹಿಲ್ ಉದ್ಯಾನದ ಈಜುಕೊಳಕ್ಕೆ ಮೆಕ್ಸಿಕನ್ ಮೂಲದವರನ್ನು ಉಳಿದವರಂತೆ ಬಿಡುತ್ತಿರಲಿಲ್ಲ. ಇದರ ವಿರುದ್ಧ ಸಂಘಟಿತರಾದ ನಾಗರಿಕರು ಸೇರಿ ಸಮಾಲೋಚಿಸುತ್ತಿದ್ದುದು ಮಿಟ್ಲಾದಲ್ಲಿ. ‘ಎಲ್ ಎಸ್ಪೆಕ್ತಾದೋರ್’ ಪತ್ರಿಕೆಯ ಸಂಪಾದಕ ಇಗ್ನಾಸಿಯೊ ಲೋಪೆಜ್ ಮತ್ತು ಇತರರು ಮೇಯರ್ ಹಾಗೂ ನಗರಾಡಳಿತದ ವಿರುದ್ಧ ದಾವೆ ಹೂಡಿದರು. 1944ರಲ್ಲಿ ನ್ಯಾಯಾಧೀಶ ಲಿಯಾನ್ ಯಾಂಕ್ವಿಚ್, ದಾವೆ ಹೂಡಿದವರ ಪರವಾಗಿ ತೀರ್ಪಿತ್ತರು. ಅವರ ಪರ ವಾದಿಸಿದ ವಕೀಲ ಡೇವಿಡ್ ಮಾರ್ಕಸ್ ಅವರೇ ಮುಂದೆ ಮೆಂಡೆಜ್ ಪ್ರಕರಣದಲ್ಲಿ ವಾದಿಸಿ, ಮೆಕ್ಸಿಕನ್ ಮಕ್ಕಳನ್ನು ಬೇರೆ ಶಾಲೆಗಳಲ್ಲಿ ಕೂರಿಸುವ ಪದ್ಧತಿಯ ವಿರುದ್ಧ ಗೆದ್ದರು. ಶಾಲೆಗಳಲ್ಲಿನ ವರ್ಣಭೇದವನ್ನು ಅಮೆರಿಕದ ಸುಪ್ರೀಂ ಕೋರ್ಟ್ ರದ್ದುಪಡಿಸಿದ್ದು ಈಜುಕೊಳದ ತೀರ್ಪಿನ ಹತ್ತು ವರ್ಷಗಳ ನಂತರ, 1954ರಲ್ಲಿ.

ಆಮೇಲಿನ ದಿನಗಳು ಊರಿಗೆ ಸುಲಭವಾಗಿರಲಿಲ್ಲ. ಪ್ರಯಾಣಿಕರು ಹೊಸ ಹೆದ್ದಾರಿ ಹಿಡಿದರು, ಊರಿನ ನಾರ್ಟನ್ ವಾಯುನೆಲೆ 1994ರಲ್ಲಿ ಮುಚ್ಚಿತು, 2012ರಲ್ಲಿ ನಗರಾಡಳಿತವೇ ದಿವಾಳಿ ಅರ್ಜಿ ಸಲ್ಲಿಸಿತು. ಮಿಟ್ಲಾದ ಬಾಗಿಲು ಮಾತ್ರ ತೆರೆದೇ ಇದೆ.

ಕೊನೆಯದಾಗಿ ಸಸ್ಯಾಹಾರದ ವಿಷಯ. ಹಳೆಯ ಮೆಕ್ಸಿಕನ್ ಅಡುಗೆಮನೆಗಳಲ್ಲಿ ಬೀನ್ಸ್‌ಗೆ ಹಂದಿಯ ಕೊಬ್ಬು ಹಾಕುವ ರೂಢಿಯಿದೆ. ಕೆಂಪು ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸುವುದೂ ಉಂಟು. ಆದ್ದರಿಂದ ತಟ್ಟೆಯಲ್ಲಿ ಮಾಂಸ ಕಾಣುವುದಿಲ್ಲವೆಂದು ನಂಬಿ ಕೂರಬೇಡಿ. ‘ಮಾಂತೇಕಾ’ ಎಂದರೆ ಹಂದಿಕೊಬ್ಬು, ‘ಕಾಲ್ದೊ ದೆ ಪೋಯೊ’ ಎಂದರೆ ಕೋಳಿಯ ಸಾರು, ಈ ಎರಡೂ ಇವೆಯೇ ಎಂದು ಬಡಿಸುವವರನ್ನು ಕೇಳಿ. ಅದೇ ಎಣ್ಣೆಯಲ್ಲಿ ಮಾಂಸವನ್ನೂ ಕರಿಯುತ್ತಾರೆಯೇ ಎಂಬುದು ನಿಮಗೆ ಮುಖ್ಯವಾದರೆ ಅದನ್ನೂ ಸಂಕೋಚವಿಲ್ಲದೆ ವಿಚಾರಿಸಿ. ಊಟ ಮುಗಿಸಿ ಹೊರಗೆ ಬಂದಾಗ ರಸ್ತೆಯ ಆಚೆ ಬದಿಯನ್ನು ಒಮ್ಮೆ ನೋಡಿ. ಬೆಲ್‌ನ ಅಂಗಡಿ ಇದ್ದದ್ದು ಆ ಕಡೆಗೆ.